ಹೋದ ಡ್ರೋನ್ ಮರಳಿ ಬರಬೇಕಾದರೆ

ಮಳೆ ಹಿಂದೆ ಸರಿದು ಕರಾವಳಿಯ ಆಕಾಶ ತಿಳಿಯಾಗುತ್ತಿದ್ದಂತೆ ಈಗೀಗ ಹೊಳೆದಂಡೆಗಳಲ್ಲಿ ಒಂದು ಹೊಸ ಸದ್ದು ಕೇಳುತ್ತದೆ, ಕಡಜದ ಗೂಡಿಗೆ ಕಲ್ಲು ಬಿದ್ದಂಥದ್ದು. ಸದ್ದಿನ ಮೂಲ ಹುಡುಕಿದರೆ, ಮುಖಕ್ಕೆ ಡಬ್ಬಿಯಂಥ ಕನ್ನಡಕ ಬಿಗಿದುಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತ ಯಾರೋ ಒಬ್ಬ ಹುಡುಗ ಕಾಣಿಸುತ್ತಾನೆ. ನಮ್ಮ ಪಕ್ಕದ ಮನೆಯ ಹುಡುಗನೂ ಅಂಥವನೇ. ಒಂದು ಮಧ್ಯಾಹ್ನ ಅವನು ಕೋಡಿಬೆಂಗ್ರೆಯ ದಡದಿಂದ ಒಳನಾಡಿನತ್ತ ಹಾರಿಸಿದ ಡ್ರೋನ್ ಸುವರ್ಣಾ ನದಿಯ ಪಾಲಾಯಿತು. ಮರುದಿನ ಅವನ ತಾಯಿ ಬೇಲಿಯಾಚೆಯಿಂದ ಕೇಳಿದರು: “ಅಣ್ಣಾ, ಅದರಲ್ಲಿ ಜಿಪಿಎಸ್ ಇದೆ, ಏನಾದರೂ ಆದರೆ ತಾನಾಗಿಯೇ ಮರಳಿ ಬರುತ್ತದೆ ಎಂದಿದ್ದನಲ್ಲ ಇವನು? ಮತ್ತೆ ಯಾಕೆ ಬರಲಿಲ್ಲ?”

ಪ್ರಶ್ನೆ ಸರಳ. ಉತ್ತರಕ್ಕೆ ರೇಡಿಯೊ, ಬ್ಯಾಟರಿ, ಗಾಳಿ, ಕಾನೂನು ಎಲ್ಲವೂ ಬೇಕು.

ಕನ್ನಡಕದೊಳಗಿನ ಆಕಾಶ

ಎಫ್‌ಪಿವಿ, ಅಂದರೆ ಫಸ್ಟ್ ಪರ್ಸನ್ ವ್ಯೂ. ಯಂತ್ರದ ಮೂಗಿನಲ್ಲಿರುವ ಕ್ಯಾಮೆರಾ ಕಂಡದ್ದನ್ನು ಆ ಕ್ಷಣವೇ ಕನ್ನಡಕದ ಪರದೆಯಲ್ಲಿ ನೋಡುತ್ತಾ ಹಾರಿಸುವ ಬಗೆ ಇದು. ಹಾರಿಸುವವನ ಕೈ ನೆಲದಲ್ಲಿ, ಕಣ್ಣು ಗಾಳಿಯಲ್ಲಿ.

ಮದುವೆ ಮನೆಯಲ್ಲಿ ಚಿತ್ರ ತೆಗೆಯುವ ಡ್ರೋನಿಗೂ ಇದಕ್ಕೂ ಸ್ವಭಾವದಲ್ಲೇ ವ್ಯತ್ಯಾಸವಿದೆ. ಅದರ ರಿಮೋಟಿನ ಕಡ್ಡಿಯಿಂದ ಬೆರಳು ತೆಗೆದರೆ ಅದು ನಿಂತಲ್ಲೇ ನಿಲ್ಲುತ್ತದೆ. ಎಫ್‌ಪಿವಿ ಡ್ರೋನನ್ನು ಸಾಮಾನ್ಯವಾಗಿ ‘ಆಕ್ರೊ’ ಎಂಬ ವಿಧಾನದಲ್ಲಿ ಹಾರಿಸುತ್ತಾರೆ. ಆಗ ಕಡ್ಡಿ ಬಿಟ್ಟರೂ ಅದು ನೆಟ್ಟಗಾಗುವುದಿಲ್ಲ, ಕೊಟ್ಟ ವಾಲಿಕೆಯಲ್ಲೇ ಮುಂದುವರಿಯುತ್ತದೆ. ಬಳಸಲು ಕಷ್ಟ, ಆದರೆ ಹಕ್ಕಿಯಂತೆ ಓರೆಯಾಗಿ ತಿರುಗುವ ಸುಖ ಸಿಗುವುದು ಅದರಲ್ಲೇ.

ಚಿತ್ರ ‘ಆ ಕ್ಷಣವೇ’ ಬರುತ್ತದೆ ಎಂದೆನಲ್ಲ, ನಿಜಕ್ಕೂ ತುಸು ತಡವಾಗುತ್ತದೆ. ಒಳ್ಳೆಯ ವ್ಯವಸ್ಥೆಯಲ್ಲಿ ಈ ತಡ ಸುಮಾರು 30 ಮಿಲಿಸೆಕೆಂಡ್. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ಡ್ರೋನ್ ಅಷ್ಟರಲ್ಲಿ ಅರ್ಧ ಮೀಟರ್ ಮುಂದೆ ಹೋಗಿರುತ್ತದೆ. ಬಯಲಿನಲ್ಲಿ ಇದು ಲೆಕ್ಕಕ್ಕಿಲ್ಲ, ತೆಂಗಿನ ಮರದ ಎದುರು ಲೆಕ್ಕಕ್ಕುಂಟು.

ಚೆಂಡೆ ಕೇಳುತ್ತದೆ, ಪದ ಕೇಳುವುದಿಲ್ಲ

ಡ್ರೋನಿಗೂ ನೆಲಕ್ಕೂ ನಡುವೆ ಇರುವುದು ಒಂದಲ್ಲ, ಎರಡು ರೇಡಿಯೊ ಕೊಂಡಿಗಳು. ರಿಮೋಟಿನಿಂದ ಮೇಲಕ್ಕೆ ಹೋಗುವುದು ಆಜ್ಞೆ, ಮೇಲಿನಿಂದ ಕೆಳಕ್ಕೆ ಬರುವುದು ಚಿತ್ರ.

ಮೈಕ್ ಇಲ್ಲದ ಕಾಲದ ಬಯಲಾಟವನ್ನು ನೆನಪಿಸಿಕೊಳ್ಳಿ. ನಾಲ್ಕು ಗದ್ದೆ ಆಚೆಗೆ ಚೆಂಡೆಯ ಪೆಟ್ಟು ಕೇಳುತ್ತಿತ್ತು, ಭಾಗವತರ ಪದ ಕೇಳುತ್ತಿರಲಿಲ್ಲ. ಪೆಟ್ಟು ಬಿತ್ತೋ ಇಲ್ಲವೋ ಎಂಬುದನ್ನಷ್ಟೇ ಕಿವಿ ಹಿಡಿಯಬೇಕಾದಾಗ ಸಣ್ಣ ಸದ್ದೂ ಸಾಕು. ಸಾಹಿತ್ಯ ತಿಳಿಯಬೇಕಾದರೆ ಪ್ರತಿ ಅಕ್ಷರವೂ ಸ್ಪಷ್ಟವಾಗಿ ಬರಬೇಕು. ‘ಎಡಕ್ಕೆ ಇಷ್ಟು, ಮೇಲಕ್ಕೆ ಇಷ್ಟು’ ಎನ್ನುವ ಆಜ್ಞೆ ಬೆರಳೆಣಿಕೆಯ ಅಂಕಿಗಳಲ್ಲಿ ಮುಗಿಯುತ್ತದೆ. ಚಿತ್ರದಲ್ಲಾದರೋ ಸೆಕೆಂಡಿಗೆ ಲಕ್ಷಾಂತರ ಚುಕ್ಕಿಗಳು ಇಳಿದು ಬರಬೇಕು. ಹಾಗಾಗಿ ದೂರ ಹೋದಂತೆ ಸಾಮಾನ್ಯವಾಗಿ ಮೊದಲು ಕೈಕೊಡುವುದು ಚಿತ್ರ. ಹಾಗಿರುವುದೇ ಒಳ್ಳೆಯದು, ಏಕೆಂದರೆ ಚಿತ್ರ ಮಸುಕಾದಾಗಲೂ ಆಜ್ಞೆ ತಲಪುತ್ತಿದ್ದರೆ ತಿರುಗಿಸಿಕೊಂಡು ಬರಲು ಅವಕಾಶವಿರುತ್ತದೆ.

ದೂರದ ಹಾರಾಟದವರು ಆಜ್ಞೆಯ ಕೊಂಡಿಗೆ ಹೆಚ್ಚಾಗಿ ಬಳಸುವುದು ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಎಂಬ ಮುಕ್ತ ತಂತ್ರಾಂಶದ ಉಪಕರಣಗಳನ್ನು. ಇದರಲ್ಲಿ ಸೆಕೆಂಡಿಗೆ 500 ಬಾರಿ ಆಜ್ಞೆ ಕಳಿಸುವ ಆಯ್ಕೆಯೂ ಇದೆ, 50 ಬಾರಿ ಕಳಿಸುವ ಆಯ್ಕೆಯೂ ಇದೆ. ನಿಧಾನವಾಗಿ ಕಳಿಸಿದರೆ ತೀರಾ ಕ್ಷೀಣವಾದ ಸಂಕೇತವನ್ನೂ ಡ್ರೋನ್ ಗುರುತಿಸಬಲ್ಲದು. ಲೆಕ್ಕದ ಪ್ರಕಾರ ವ್ಯಾಪ್ತಿ ಸುಮಾರು ಮೂರು ಪಟ್ಟು ಹೆಚ್ಚುತ್ತದೆ. ಕಿವಿ ಮಂದವಾದ ಅಜ್ಜನಿಗೆ ಬಿಡಿಸಿ ಬಿಡಿಸಿ ಹೇಳುವುದೂ ಇದೇ ತಂತ್ರ.

ಚಿತ್ರದ ಕೊಂಡಿ ಬಹುತೇಕ 5.8 ಗಿಗಾಹರ್ಟ್ಸ್ ಎಂಬ ರೇಡಿಯೊ ಆವರ್ತನದಲ್ಲಿ ನಡೆಯುತ್ತದೆ. ಹಳೆಯ ಅನಲಾಗ್ ಪದ್ಧತಿಯಲ್ಲಿ ಸಂಕೇತ ಕುಗ್ಗಿದಂತೆ ಪರದೆಯಲ್ಲಿ ಸೀರ್ಪನಿಯಂತೆ ಚುಕ್ಕಿಗಳು ಹೆಚ್ಚುತ್ತ ಹೋಗುತ್ತವೆ. ದೂರದರ್ಶನದ ಕೋಲು ಆಂಟೆನಾ ತಿರುಗಿಸಿದ ತಲೆಮಾರಿಗೆ ಇದು ಪರಿಚಿತ. ಡಿಜಿಟಲ್ ಚಿತ್ರ ಬಹಳ ದೂರದವರೆಗೂ ಕನ್ನಡಿಯಂತಿದ್ದು, ಗಡಿ ಬಂದಾಗ ಚೌಕಚೌಕವಾಗಿ ಒಡೆದು ಹೆಪ್ಪುಗಟ್ಟುತ್ತದೆ. ಅಂದಕ್ಕೆ ಡಿಜಿಟಲ್ ಮೇಲು. ಎಚ್ಚರಿಕೆ ಕೊಡುವ ಸೌಜನ್ಯ ಅನಲಾಗಿಗೇ ಹೆಚ್ಚು.

ವ್ಯಾಪ್ತಿ ಸಾಲದಿದ್ದರೆ ಶಕ್ತಿ ಹೆಚ್ಚಿಸಿದರಾಯಿತು ಎಂದು ಎಲ್ಲರಿಗೂ ಮೊದಲು ತೋಚುತ್ತದೆ. ಆದರೆ ರೇಡಿಯೊ ಅಲೆ ಎಲ್ಲ ದಿಕ್ಕಿಗೂ ಹರಡುತ್ತಾ ಹೋಗುವುದರಿಂದ ದೂರ ಇಮ್ಮಡಿಯಾದರೆ ತಲಪುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಎರಡರಷ್ಟು ದೂರ ಬೇಕೆಂದರೆ ನಾಲ್ಕರಷ್ಟು ಶಕ್ತಿ ಬೇಕು. 25 ಮಿಲಿವಾಟ್‌ನಿಂದ 800ಕ್ಕೆ ಏರಿಸಿದರೆ ಶಕ್ತಿ 32 ಪಟ್ಟಾಯಿತು, ದೂರ ಆರು ಪಟ್ಟೂ ಆಗಲಿಲ್ಲ. ಜತೆಗೆ ಬ್ಯಾಟರಿ ಖರ್ಚು, ಬಿಸಿ, ಪಕ್ಕದವರ ಸಂಕೇತಕ್ಕೆ ಕಿರಿಕಿರಿ.

ಉಪಕರಣ ಕೊಳ್ಳುವ ಮೊದಲು ಗಮನಿಸಬೇಕಾದ ಒಂದು ವಿಷಯವಿದೆ. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್, 5.8 ಗಿಗಾಹರ್ಟ್ಸ್ ಮತ್ತು 865ರಿಂದ 868 ಮೆಗಾಹರ್ಟ್ಸ್ ಆವರ್ತನ ಪಟ್ಟಿಗಳನ್ನು ನಿಗದಿತ ಶಕ್ತಿಯ ಮಿತಿಯೊಳಗೆ ಪರವಾನಗಿಯಿಲ್ಲದೆ ಬಳಸಬಹುದು. ಅಮೆರಿಕದ ಮಾರುಕಟ್ಟೆಗೆಂದು ತಯಾರಾದ 915 ಮೆಗಾಹರ್ಟ್ಸ್ ಉಪಕರಣಗಳೂ ಅಂತರ್ಜಾಲದಲ್ಲಿ ಸಿಗುತ್ತವೆ. ಅವು ಕೆಲಸ ಮಾಡುವ 902ರಿಂದ 928ರ ಪಟ್ಟಿಯ ಒಂದು ಭಾಗ ಇಲ್ಲಿ ಮೊಬೈಲ್ ಕಂಪನಿಗಳ ಪಾಲಿನದು. ಅಂಥದ್ದನ್ನು ಇಲ್ಲಿ ಹಚ್ಚುವುದು ತಪ್ಪು. ಬೇರೆ ದೇಶಗಳ ವಿಡಿಯೊಗಳಲ್ಲಿ ಕಾಣುವ 1.2 ಮತ್ತು 1.3 ಗಿಗಾಹರ್ಟ್ಸ್ ಚಿತ್ರಪ್ರಸಾರಕಗಳಿಗೂ ಇಲ್ಲಿ ಮುಕ್ತ ಅವಕಾಶವಿಲ್ಲ.

ಕಾಪು ದೀಪಸ್ತಂಭದ ಪಾಠ

ಶಕ್ತಿ ಹೆಚ್ಚಿಸದೆ ದೂರ ಹೆಚ್ಚಿಸುವುದು ಹೇಗೆ? ಕಾಪುವಿನ ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭವನ್ನು ನೋಡಿದರೆ ಉತ್ತರ ಸಿಗುತ್ತದೆ. ದೀಪಸ್ತಂಭಗಳು ಮಾಡುವುದು ಎರಡೇ ಕೆಲಸ: ದೀಪವನ್ನು ಎತ್ತರದಲ್ಲಿ ಇಡುವುದು, ಚೆದುರಿ ಹೋಗುವ ಬೆಳಕನ್ನು ಮಸೂರದಿಂದ ಒಟ್ಟುಗೂಡಿಸಿ ಒಂದೇ ಕಡೆಗೆ ಹಾಯಿಸುವುದು. ಆ ಮಸೂರವನ್ನು ಕಂಡುಹಿಡಿದದ್ದು ಫ್ರಾನ್ಸಿನ ಭೌತವಿಜ್ಞಾನಿ ಅಗಸ್ಟಿನ್ ಫ್ರೆನೆಲ್. ಅದು ಮೊದಲು ಬೆಳಗಿದ್ದು 1823ರಲ್ಲಿ, ಅಲ್ಲಿನ ಕೊರ್ದುವಾನ್ ದೀಪಸ್ತಂಭದಲ್ಲಿ.

ಆಂಟೆನಾಗಳ ಕಥೆಯೂ ಹೀಗೆಯೇ. ಡ್ರೋನಿನ ಮೇಲಿರುವ ಸಾಮಾನ್ಯ ಕಡ್ಡಿ ಆಂಟೆನಾ ಅಲೆಗಳನ್ನು ಉದ್ದಿನ ವಡೆಯ ಆಕಾರದಲ್ಲಿ ಹರಡುತ್ತದೆ. ವಡೆಯ ತೂತಿನಲ್ಲಿ ಕಡ್ಡಿ ನೆಟ್ಟಂತೆ ಕಲ್ಪಿಸಿಕೊಳ್ಳಿ. ಸುತ್ತಲೂ ದಪ್ಪ, ಕಡ್ಡಿಯ ತುದಿಯ ನೇರಕ್ಕೆ ಏನೂ ಇಲ್ಲ. ಹೊಸಬರು ರಿಮೋಟಿನ ಆಂಟೆನಾದ ತುದಿಯನ್ನು ಬಂದೂಕಿನಂತೆ ಡ್ರೋನಿನತ್ತ ಗುರಿ ಹಿಡಿಯುತ್ತಾರೆ, ಅಂದರೆ ತೂತನ್ನೇ ಅದರತ್ತ ತೋರಿಸುತ್ತಾರೆ. ಕಡ್ಡಿಯ ಮಗ್ಗುಲು ಡ್ರೋನಿಗೆ ಕಾಣಬೇಕು. ಇನ್ನು ಕನ್ನಡಕಕ್ಕೆ ಜೋಡಿಸುವ ಚಪ್ಪಟೆ ‘ಪ್ಯಾಚ್’ ಆಂಟೆನಾ ಮಸೂರವಿದ್ದಂತೆ. ಎದುರಿನ ದಿಕ್ಕಿನಿಂದ ಬರುವುದನ್ನು ಚೆನ್ನಾಗಿ ಹಿಡಿಯುತ್ತದೆ, ಬೆನ್ನಿನ ಕಡೆಗೆ ಹೆಚ್ಚುಕಡಿಮೆ ಕುರುಡು.

ಅದೇ ಫ್ರೆನೆಲ್ ಹೆಸರು ಇಲ್ಲಿ ಇನ್ನೊಂದು ಕಡೆಯೂ ಬರುತ್ತದೆ. ಡ್ರೋನ್ ಕಣ್ಣಿಗೆ ಕಾಣುತ್ತಿದೆ, ನಡುವೆ ಏನೂ ಅಡ್ಡವಿಲ್ಲ, ಆದರೂ ಚಿತ್ರ ಒಡೆಯುತ್ತಿದೆ. ಯಾಕೆ? ರೇಡಿಯೊ ಅಲೆ ದಾರದಂತೆ ಸಣ್ಣ ಗೆರೆಯಲ್ಲಿ ಸಾಗುವುದಿಲ್ಲ. ಎರಡೂ ತುದಿಯಲ್ಲಿ ಚೂಪಾಗಿ ನಡುವೆ ಉಬ್ಬಿದ, ಸೌತೆಕಾಯಿಯಂಥ ಒಂದು ಜಾಗ ಅದಕ್ಕೆ ಬೇಕು. ಇದೇ ಫ್ರೆನೆಲ್ ವಲಯ. 5.8 ಗಿಗಾಹರ್ಟ್ಸ್‌ನಲ್ಲಿ 1 ಕಿ.ಮೀ. ದೂರಕ್ಕೆ ನಡುಭಾಗದಲ್ಲಿ ಅದರ ತ್ರಿಜ್ಯ ಸುಮಾರು ಮೂರೂವರೆ ಮೀಟರ್, 2.4ರಲ್ಲಿ ಐದೂವರೆ ಮೀಟರ್. ತೆಂಗಿನ ತೋಟದ ತಲೆಗೆ ಸವರಿಕೊಂಡು ನೋಟದ ಗೆರೆ ಹೋಗುತ್ತಿದ್ದರೆ ಈ ಸೌತೆಕಾಯಿಯ ಅರ್ಧಭಾಗ ಸೋಗೆಗಳೊಳಗೆ ಮುಳುಗಿರುತ್ತದೆ. ನಮ್ಮೂರಿನ ತೋಟಗಳಲ್ಲಿ ಸೋಗೆ ಒದ್ದೆಯಾಗಿಯೂ ಇರುತ್ತದೆ, ನೀರು ಈ ಅಲೆಗಳನ್ನು ಕುಡಿದುಬಿಡುತ್ತದೆ. ನೀರೇ ತುಂಬಿರುವ ನಮ್ಮ ಮೈಯೂ ಅಡ್ಡಿಯೇ. ಹಾರಿಸುವವನು ಡ್ರೋನಿಗೆ ಬೆನ್ನು ತಿರುಗಿಸಿ ಕುಳಿತರೆ ಸಂಕೇತ ಕುಸಿಯುವುದು ಇದಕ್ಕೇ.

ಪರಿಹಾರಕ್ಕೆ ದುಡ್ಡು ಬೇಕಿಲ್ಲ. ನಿಲ್ಲುವ ಜಾಗ ಎತ್ತರದಲ್ಲಿರಲಿ, ಸ್ವೀಕರಿಸುವ ಆಂಟೆನಾವನ್ನು ಬಿದಿರಿನ ಗಳಕ್ಕೆ ಕಟ್ಟಿ ಎತ್ತಿದರೆ ಇನ್ನೂ ಒಳ್ಳೆಯದು.

ದಾರಿ ಗೊತ್ತಿತ್ತು, ದಾರಿ ಖರ್ಚು ಇರಲಿಲ್ಲ

ಈಗ ಆ ತಾಯಿಯ ಪ್ರಶ್ನೆಗೆ ಬರೋಣ.

ಹುಡುಗನ ಡ್ರೋನಿನ ಬ್ಯಾಟರಿ ಆರು ನಿಮಿಷದ್ದು. ಮೂರು ನಿಮಿಷ ಹೋಗುವುದಕ್ಕೆ, ಮೂರು ನಿಮಿಷ ಬರುವುದಕ್ಕೆ ಎಂದು ಅವನು ಲೆಕ್ಕ ಹಾಕಿದ್ದ. ಡ್ರೋನಿನ ಸ್ವಂತ ವೇಗ ಗಂಟೆಗೆ 60 ಕಿ.ಮೀ., ಬೀಸುತ್ತಿದ್ದ ಗಾಳಿ 20 ಎಂದಿಟ್ಟುಕೊಳ್ಳಿ. ಕಡಲಿನಿಂದ ಒಳನಾಡಿಗೆ ಗಾಳಿಯ ಜತೆಗೇ ಹೋದದ್ದರಿಂದ ನೆಲದ ಲೆಕ್ಕದಲ್ಲಿ ವೇಗ 80 ಆಯಿತು. ಮೂರು ನಿಮಿಷದಲ್ಲಿ 4 ಕಿ.ಮೀ. ದಾಟಿತು. ಹುಡುಗ ಹಿಗ್ಗಿದ. ತಿರುಗಿಸಿದಾಗ ಅದೇ ಗಾಳಿ ಎದುರಾಯಿತು, ವೇಗ 40ಕ್ಕೆ ಇಳಿಯಿತು. ಅದೇ 4 ಕಿ.ಮೀ.ಗೆ ಈಗ ಆರು ನಿಮಿಷ ಬೇಕು, ಉಳಿದದ್ದು ಮೂರು. ಸರಿಯಾಗಿ ನಡುದಾರಿಯಲ್ಲಿ, ಹೊಳೆಯ ಮೇಲೆ, ಬ್ಯಾಟರಿ ಮುಗಿಯಿತು. ಜಿಪಿಎಸ್ ಕೊನೆಯವರೆಗೂ ಮನೆಯ ದಿಕ್ಕನ್ನು ಸರಿಯಾಗಿಯೇ ತೋರಿಸುತ್ತಿತ್ತು.

ಕರಾವಳಿಯ ಗಾಳಿಗೆ ಒಂದು ದಿನಚರಿಯಿದೆ. ಹಗಲು ನೆಲ ಕಾಯ್ದು ಅದರ ಮೇಲಿನ ಗಾಳಿ ಏರಿದಾಗ, ಆ ಜಾಗಕ್ಕೆ ಕಡಲಿನಿಂದ ತಂಪುಗಾಳಿ ನುಗ್ಗುತ್ತದೆ. ಮಧ್ಯಾಹ್ನದ ನಂತರ ಮಲ್ಪೆಯಲ್ಲಿ ಟೋಪಿ ಹಾರಿಸುವುದು ಇದೇ ಕಡಲ್ಗಾಳಿ. ರಾತ್ರಿ ನೆಲ ಬೇಗ ತಣಿಯುವುದರಿಂದ ನಸುಕಿನಲ್ಲಿ ನೆಲಗಾಳಿ ಕಡಲಿನತ್ತ ಮೆಲ್ಲಗೆ ಬೀಸುತ್ತದೆ. ಹಾಯಿದೋಣಿಯ ಕಾಲದ ಮೀನುಗಾರರು ನಸುಕಿನ ಗಾಳಿಯಲ್ಲಿ ಕಡಲಿಗಿಳಿದು ಮಧ್ಯಾಹ್ನದ ಗಾಳಿಯಲ್ಲಿ ದಡ ಸೇರುತ್ತಿದ್ದರು. ಅವರಿಗೆ ಗಾಳಿ ತಿರುಗುವವರೆಗೆ ಕಾಯುವ ವ್ಯವಧಾನವಿತ್ತು. ಡ್ರೋನಿಗಿರುವುದು ಕೆಲವೇ ನಿಮಿಷ. ಹಾಗಾಗಿ ಅದರ ನಿಯಮ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ. ನಮ್ಮಲ್ಲಿ ಇದಕ್ಕೆ ಒಪ್ಪುವುದು ಬೆಳಗಿನ ಹೊತ್ತು. ಗಾಳಿಯೂ ಮೆದು, ಎದುರುಗಾಳಿಯ ದಿಕ್ಕು ಪೂರ್ವ, ಅಂದರೆ ಕೆಳಗಿರುವುದು ಗದ್ದೆ. ಅದೇ ಹೊತ್ತಿನಲ್ಲಿ ಕಡಲಿನತ್ತ ಹಾರಿಸಿದರೆ ನೆಲಗಾಳಿಯೇ ಡ್ರೋನನ್ನು ಹೊರಗೆ ತಳ್ಳುತ್ತದೆ. ಇನ್ನೊಂದು ಮಾತು: ಅಂಗಳದ ಬಾಳೆ ಎಲೆ ಅಲುಗುತ್ತಿಲ್ಲವೆಂದು ನಂಬಬೇಡಿ, ನೂರು ಮೀಟರ್ ಮೇಲೆ ಗಾಳಿ ಬೇರೆಯೇ ಇರುತ್ತದೆ.

ಬ್ಯಾಟರಿಯಲ್ಲೂ ಎರಡು ಜಾತಿ. ಲಿಥಿಯಂ ಪಾಲಿಮರ್, ಅಂದರೆ ಲಿಪೊ, ಒಂದೇ ಸಲಕ್ಕೆ ಭಾರೀ ಶಕ್ತಿ ಉಗುಳಬಲ್ಲದು. ಓಟದ ಡ್ರೋನಿಗೆ ಅದು ಬೇಕು. ಲಿಥಿಯಂ ಅಯಾನ್ ನಿಧಾನಿ, ಆದರೆ ಅದೇ ತೂಕದಲ್ಲಿ ಹೆಚ್ಚು ಬುತ್ತಿ ಹೊರುತ್ತದೆ. ನಾಲ್ಕು ಕೋಶಗಳ 1500 ಎಂಎಎಚ್ (ಮಿಲಿಆಂಪಿಯರ್ ಅವರ್, ಬ್ಯಾಟರಿ ಹಿಡಿಯುವ ವಿದ್ಯುತ್ತಿನ ಅಳತೆ) ಲಿಪೊ ಸುಮಾರು 180 ಗ್ರಾಂ ತೂಗಿ 22 ವಾಟ್‌ಅವರ್ ಶಕ್ತಿ ಕೊಡುತ್ತದೆ. 21700 ಅಳತೆಯ ನಾಲ್ಕು 4000 ಎಂಎಎಚ್ ಅಯಾನ್ ಕೋಶಗಳು ಸುಮಾರು 280 ಗ್ರಾಂ ತೂಗಿ 57 ವಾಟ್‌ಅವರ್ ಕೊಡುತ್ತವೆ. ತೂಕ ಒಂದೂವರೆ ಪಟ್ಟು, ಬುತ್ತಿ ಎರಡೂವರೆ ಪಟ್ಟು. ದೂರದ ಹಾರಾಟದ ಡ್ರೋನುಗಳು ಏಳು ಇಂಚಿನ ದೊಡ್ಡ ಪ್ರೊಪೆಲ್ಲರ್ ತೊಡುವುದೂ ಮಿತವ್ಯಯಕ್ಕಾಗಿಯೇ. ಅಗಲವಾದ ಹುಟ್ಟನ್ನು ನಿಧಾನವಾಗಿ ಎಳೆದರೆ ದೋಣಿ ಕಡಿಮೆ ಆಯಾಸದಲ್ಲಿ ಸಾಗುವಂತೆ, ಹೆಚ್ಚು ಗಾಳಿಯನ್ನು ಮೆಲ್ಲಗೆ ತಳ್ಳುವುದು ಅಗ್ಗ.

ಅಯಾನ್ ಬ್ಯಾಟರಿಯ ವೋಲ್ಟೇಜ್ ವೇಗ ಹೆಚ್ಚಿಸಿದಾಗ ಕುಸಿದು, ತಗ್ಗಿಸಿದಾಗ ಚೇತರಿಸಿಕೊಳ್ಳುತ್ತದೆ. ಅದೊಂದನ್ನೇ ನಂಬಿದರೆ ಮೋಸಹೋಗುತ್ತೇವೆ. ಪರದೆಯ ಮೂಲೆಯಲ್ಲಿ ‘ಖರ್ಚಾದ ಎಂಎಎಚ್’ ಎಂಬ ಅಂಕಿ ಬರುವಂತೆ ಹೊಂದಿಸಿ ಅದನ್ನು ನೋಡುವುದು ಮೇಲು. ಐದನೆಯ ಒಂದು ಪಾಲನ್ನು ಮುಟ್ಟದೆ ಇಟ್ಟು, ಉಳಿದದ್ದರಲ್ಲಷ್ಟೇ ಹೋಗಿ ಬರುವ ಲೆಕ್ಕ ಹಾಕಬೇಕು.

ಕೊಂಡಿ ಕಡಿದಾಗ

ಜಿಪಿಎಸ್ ನೆರವಾಗುವುದು ಆಜ್ಞೆಯ ಕೊಂಡಿ ಕಡಿದಾಗ. ಇದಕ್ಕೆ ಫೇಲ್‌ಸೇಫ್ ಎನ್ನುತ್ತಾರೆ. ರಿಮೋಟಿನ ದನಿ ಕೇಳಿಸದಾದರೆ ಏನು ಮಾಡಬೇಕು ಎಂದು ಡ್ರೋನಿಗೆ ಮೊದಲೇ ಹೇಳಿಕೊಟ್ಟಿರಬೇಕು: ಮೋಟಾರ್ ನಿಲ್ಲಿಸಿ ಬೀಳುವುದೋ, ಇದ್ದಲ್ಲೇ ಇಳಿಯುವುದೋ, ಹೊರಟಲ್ಲಿಗೆ ಮರಳುವುದೋ. ಡ್ರೋನಿನೊಳಗಿದ್ದು ಅದನ್ನು ನಡೆಸುವ ಬೀಟಾಫ್ಲೈಟ್, ಐನ್ಯಾವ್ ಮುಂತಾದ ತಂತ್ರಾಂಶಗಳಲ್ಲಿ ಮರಳುವ ಸೌಲಭ್ಯವಿದೆ. ಆದರೆ ‘ಮನೆ’ ಎಂದರೆ ಯಾವುದೆಂದು ಡ್ರೋನ್ ಗುರುತು ಹಾಕಿಕೊಳ್ಳುವುದು ಮೋಟಾರ್ ಚಾಲೂ ಮಾಡುವ ಹೊತ್ತಿಗೆ. ಕನಿಷ್ಠ ಎಂಟು ಉಪಗ್ರಹಗಳು ಸಿಗುವ ತನಕ ಕಾಯದೆ ಅವಸರದಲ್ಲಿ ಹೊರಟರೆ ಆ ಗುರುತೇ ಇರುವುದಿಲ್ಲ ಅಥವಾ ತಪ್ಪಾಗಿರುತ್ತದೆ. ಮರಳುವ ಎತ್ತರವನ್ನು ದಾರಿಯ ಅತಿ ಎತ್ತರದ ಮರಕ್ಕಿಂತ, ಮೊಬೈಲ್ ಗೋಪುರಕ್ಕಿಂತ ಮೇಲೆ ಹೊಂದಿಸಿ. ಇದು ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಸಂಕಟದ ದಿನದವರೆಗೆ ಕಾಯಬಾರದು. ಖಾಲಿ ಗದ್ದೆಯಲ್ಲಿ ನೂರು ಮೀಟರ್ ಆಚೆಗೆ ಒಯ್ದು, ಮರಳುವ ಸ್ವಿಚ್ ಒತ್ತಿ ನೋಡಬೇಕು.

ಕಣ್ಣಳತೆಯ ಕಾನೂನು

‘ದೂರದ ಹಾರಾಟ’ ಎಂಬ ಹೆಸರು ಇಲ್ಲಿ ಸ್ವಲ್ಪ ದಾರಿ ತಪ್ಪಿಸುವಂಥದ್ದು. 2021ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಡ್ರೋನ್ ನಿಯಮಗಳು ಹವ್ಯಾಸ, ಕಲಿಕೆ, ಸಂಶೋಧನೆಗೆ ಬಳಸುವ 25 ಕೆ.ಜಿ. ಒಳಗಿನ ಮಾದರಿ ಯಂತ್ರಗಳಿಗೆ ಕೆಲವು ವಿನಾಯಿತಿ ಕೊಟ್ಟಿವೆ. ಆದರೆ ಅದನ್ನು ಕಣ್ಣಳತೆಯೊಳಗೆ ಹಾರಿಸಬೇಕು ಎಂಬುದು ಆ ವ್ಯಾಖ್ಯಾನದಲ್ಲೇ ಸೇರಿದೆ. ಮೋಟಾರಿನಿಂದ ಮೋಟಾರಿಗೆ 30 ಸೆಂಟಿಮೀಟರ್ ಇರುವ, ಏಳು ಇಂಚಿನ ಪ್ರೊಪೆಲ್ಲರಿನ ಡ್ರೋನ್ 1 ಕಿ.ಮೀ. ದೂರದಲ್ಲಿ ಮನುಷ್ಯನ ಕಣ್ಣಿನ ಸಾಮರ್ಥ್ಯದ ಅಂಚಿನಲ್ಲಿರುತ್ತದೆ. ಅದರ ಮುಖ ಯಾವ ಕಡೆಗಿದೆ ಎಂದು ತಿಳಿಯಲು ಇನ್ನೂ ತುಂಬ ಹತ್ತಿರ ಬೇಕು. ನಮ್ಮ ಹುಡುಗನ 4 ಕಿ.ಮೀ. ಹೊಳೆಗೆ ಬೀಳದೆ ಮರಳಿದ್ದರೂ ನಿಯಮದ ಹೊರಗೇ. ಕನ್ನಡಕ ತೊಟ್ಟವನಿಗೆ ಸುತ್ತಲಿನದು ಕಾಣದ ಕಾರಣ, ಬರಿಗಣ್ಣಿನಲ್ಲಿ ಡ್ರೋನನ್ನೂ ಆಕಾಶವನ್ನೂ ನೋಡುತ್ತಾ ಎಚ್ಚರಿಸುವ ಸಂಗಡಿಗನೊಬ್ಬ ಪಕ್ಕದಲ್ಲಿರಬೇಕು.

ತೂಕದಲ್ಲಿ 250 ಗ್ರಾಂವರೆಗಿನದು ನ್ಯಾನೊ, ಅಲ್ಲಿಂದ 2 ಕೆ.ಜಿ.ವರೆಗೆ ಮೈಕ್ರೊ. ಇವೆರಡನ್ನೂ ವ್ಯಾಪಾರಕ್ಕಲ್ಲದೆ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಯಂತ್ರವನ್ನು ನೋಂದಾಯಿಸಿ ಗುರುತಿನ ಸಂಖ್ಯೆ ಪಡೆಯಬೇಕು. ನಿಯಮ ಮೀರಿದರೆ ದಂಡ 1 ಲಕ್ಷ ರೂಪಾಯಿವರೆಗೆ. ಸಿದ್ಧ ಡ್ರೋನುಗಳ ಆಮದಿಗೆ 2022ರ ಫೆಬ್ರುವರಿಯಿಂದ ನಿಷೇಧವಿದೆ, ಬಿಡಿಭಾಗಗಳಿಗಿಲ್ಲ. ನಮ್ಮ ಹುಡುಗರು ಬೆಸುಗೆ ಕಡ್ಡಿ ಹಿಡಿದು ತಾವೇ ಜೋಡಿಸುವುದಕ್ಕೆ ಇದೂ ಒಂದು ಕಾರಣ.

ಎಲ್ಲಿ ಹಾರಿಸಬಹುದು ಎಂಬುದನ್ನು ಸರ್ಕಾರದ ‘ಡಿಜಿಟಲ್ ಸ್ಕೈ’ ಜಾಲತಾಣದ ನಕ್ಷೆಯ ಬಣ್ಣಗಳು ಹೇಳುತ್ತವೆ. ಹಸಿರಿನಲ್ಲಿ 120 ಮೀಟರ್ ಎತ್ತರದವರೆಗೆ ಅನುಮತಿ ಬೇಡ, ಹಳದಿಯಲ್ಲಿ ವಾಯುಸಂಚಾರ ನಿಯಂತ್ರಣದ ಅನುಮತಿ ಬೇಕು, ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ ಹಸಿರಿನ ಮಿತಿ 60 ಮೀಟರಿಗೆ ಇಳಿಯುತ್ತದೆ, 8 ಕಿ.ಮೀ. ಒಳಗೆ ಹಸಿರೇ ಇಲ್ಲ. ಬಜಪೆಯ ವಿಮಾನ ನಿಲ್ದಾಣದ ಸುತ್ತ ಕೈವಾರ ಎಳೆದು ನೋಡಿದರೆ ಮಂಗಳೂರಿನವರಿಗೆ ಉಳಿಯುವ ಜಾಗ ಎಷ್ಟು ಕಡಿಮೆ ಎಂಬುದು ಗೊತ್ತಾಗುತ್ತದೆ. ಪಣಂಬೂರಿನ ಬಂದರು, ತೈಲ ಸಂಸ್ಕರಣಾಗಾರ, ಪಾದೂರಿನ ಭೂಗತ ಕಚ್ಚಾತೈಲ ಸಂಗ್ರಹಾಗಾರದಂಥ ಸೂಕ್ಷ್ಮ ಜಾಗಗಳೂ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿವೆ. ಗಣ್ಯರ ಭೇಟಿಯ ವೇಳೆ ತಾತ್ಕಾಲಿಕ ಕೆಂಪು ವಲಯಗಳೂ ಘೋಷಣೆಯಾಗುತ್ತವೆ. ನಿನ್ನೆ ನೋಡಿದ ನಕ್ಷೆ ಇಂದಿಗೆ ಸಾಲದು.

ಶುರು ಎಲ್ಲಿಂದ

ಮೊದಲು ಕೊಳ್ಳಬೇಕಾದದ್ದು ಡ್ರೋನ್ ಅಲ್ಲ, ರಿಮೋಟ್. ಅದನ್ನು ಕಂಪ್ಯೂಟರಿಗೆ ಜೋಡಿಸಿ ಲಿಫ್ಟ್‌ಆಫ್, ವೆಲೊಸಿಡ್ರೋನ್‌ನಂಥ ಅನುಕರಣ ತಂತ್ರಾಂಶದಲ್ಲಿ ಬೀಳಬೇಕಾದಷ್ಟು ಸಲ ಬೀಳಬಹುದು, ರಿಪೇರಿ ಖರ್ಚಿಲ್ಲ. ಮಳೆಗಾಲದ ನಾಲ್ಕು ತಿಂಗಳು ಇದಕ್ಕೆ ಹೇಳಿ ಮಾಡಿಸಿದ್ದು. ಆಮೇಲೆ ಅಂಗೈಯಗಲದ ಪುಟ್ಟ ಡ್ರೋನ್. ಗೋಡೆಗೆ ಬಡಿದರೂ ಅದಕ್ಕೂ ಗೋಡೆಗೂ ಏನೂ ಆಗುವುದಿಲ್ಲ. ಏಳು ಇಂಚಿನದು ಕೊನೆಯ ಮೆಟ್ಟಿಲು. ನೇರವಾಗಿ ಅಲ್ಲಿಗೇ ಹಾರಿದವರನ್ನು ನಾನು ಕಂಡಿದ್ದೇನೆ. ಅವರ ಡ್ರೋನುಗಳನ್ನು ಬಹಳ ದಿನ ಕಾಣಲಿಲ್ಲ.

ಕರಾವಳಿಗೇ ವಿಶೇಷವಾದ ಶತ್ರು ಉಪ್ಪು. ಕಡಲ ಬದಿಯ ಗಾಳಿಯಲ್ಲಿರುವ ಉಪ್ಪಿನ ತೇವ ಬೆಸುಗೆಗಳನ್ನು ತಿನ್ನುತ್ತದೆ, ಬೋರ್ಡುಗಳಿಗೆ ರಕ್ಷಕ ಲೇಪ ಬಳಿಯದಿದ್ದರೆ ಆಯುಷ್ಯ ಕಡಿಮೆ. ಇನ್ನು ಮೀನಿನ ಬಂದರುಗಳ ಮೇಲೆ ಸುತ್ತುವ ಗರುಡ, ಹದ್ದುಗಳು. ಅವುಗಳ ಜಾಗಕ್ಕೆ ಹೋಗಿ ತೊಂದರೆ ಕೊಡದಿರುವುದೇ ಒಳ್ಳೆಯದು.

ಬಿದ್ದದ್ದನ್ನು ಹುಡುಕುವುದು

ಎಷ್ಟೇ ಲೆಕ್ಕ ಹಾಕಿದರೂ ಒಂದಲ್ಲ ಒಂದು ದಿನ ಬೀಳುತ್ತದೆ. ಕನ್ನಡಕದ ಪರದೆಯಲ್ಲಿ ಅಕ್ಷಾಂಶ ರೇಖಾಂಶ ಸದಾ ಕಾಣುವಂತಿರಲಿ, ಪರದೆಯ ಚಿತ್ರ ರೆಕಾರ್ಡ್ ಆಗುತ್ತಿರಲಿ. ಕೊನೆಯ ಚೌಕಟ್ಟಿನ ಅಂಕಿಗಳನ್ನು ಮೊಬೈಲ್ ನಕ್ಷೆಗೆ ಹಾಕಿದರೆ ಬಿದ್ದ ತೋಟ ಸಿಗುತ್ತದೆ. ತೋಟ ಸಿಕ್ಕ ಮೇಲೆ ಮರ ಸಿಗಬೇಕಲ್ಲ? ಅದಕ್ಕೆ ಸ್ವಂತ ಪುಟ್ಟ ಬ್ಯಾಟರಿಯಿರುವ ಬಜರ್ ಜೋಡಿಸುತ್ತಾರೆ. ದೊಡ್ಡ ಬ್ಯಾಟರಿ ಕಳಚಿ ಬಿದ್ದರೂ ಅದು ಗಂಟೆಗಟ್ಟಲೆ ಕೀಚು ಕೀಚು ಎನ್ನುತ್ತಿರುತ್ತದೆ.

ಮೈಮೇಲೆ ಫೋನ್ ಸಂಖ್ಯೆಯ ಚೀಟಿ ಅಂಟಿಸಿ. ‘ಸಿಕ್ಕವರು ದಯವಿಟ್ಟು ಕರೆ ಮಾಡಿ, ಬ್ಯಾಟರಿಯನ್ನು ಮುಟ್ಟಬೇಡಿ’ ಎಂದು ಕನ್ನಡದಲ್ಲೇ ಬರೆಯಿರಿ. ಅದು ಸಿಗುವುದು ಅಡಿಕೆ ಕೊಯ್ಯಲು ಮರ ಹತ್ತಿದವರಿಗೋ ಹೊಳೆಯಲ್ಲಿ ಬಲೆ ಎಳೆಯುವವರಿಗೋ. ನಮ್ಮ ಹುಡುಗನ ಡ್ರೋನಿನ ಮೇಲೆ ಚೀಟಿ ಇರಲಿಲ್ಲ.